ಭಾನುವಾರದ ಐದು ಸಾಲುಗಳು

ಡಬ್ಬಿ ಕೆಟ್ಟಿದೆ ಎಂದು ಕರೆಸಿದ್ದರು. ಬಂದ ರಿಪೇರಿಯವನು ಟಿವಿಯ ಮುಂದೆ ಮಂಡಿಯೂರಿ ಕೂತು, ಕೆಳಗಿನ ಹಲಗೆಯ ಮೇಲಿದ್ದ ಕಪ್ಪು ರೆಕಾರ್ಡರಿನ ಬೆನ್ನು ಸವರಿ, ವೈರುಗಳನ್ನು ಬಿಚ್ಚಿ ಮತ್ತೆ ಸಿಕ್ಕಿಸಿ, ಕೊನೆಗೆ ರಿಮೋಟಿನ ಗೈಡ್ ಬಟನ್ ಒತ್ತಿದ. ಪರದೆಯ ತುಂಬ ಖಾಲಿ ಚೌಕಗಳು ಬಂದವು. ಒಂದೊಂದು ಚೌಕದಲ್ಲೂ ಒಂದೇ ಮಾತು: ಮಾಹಿತಿ ಇಲ್ಲ.

"ಕೆಟ್ಟಿಲ್ಲ ಇದು," ಅಂದ. "ಕಣ್ಣು ನೆಟ್ಟಗಿದೆ, ಕಿವಿ ನೆಟ್ಟಗಿದೆ, ಹೊಟ್ಟೆಯಂತೂ ಗಟ್ಟಿಯಾಗಿದೆ. ಯಾವ ಹೊತ್ತಿಗೆ ಏನು ಬರುತ್ತೆ ಅನ್ನೋದೊಂದು ಮರೆತುಹೋಗಿದೆ."

"ನೆನಪು ಬರೋ ಹಾಗೆ ಮಾಡಿ ಮತ್ತೆ," ಅಂದಳು ಮನೆಯ ಮಗಳು.

"ನನ್ನ ಕೈಲಿಲ್ಲ. ಇಷ್ಟು ಹಳೇ ಡಬ್ಬಿಗಳಿಗೆ ಆ ಪಟ್ಟಿ ಕಳಿಸೋದನ್ನೇ ಕಂಪನಿಯವರು ನಿಲ್ಲಿಸಿಬಿಟ್ಟಿದ್ದಾರೆ. ಕೇಳಿದ್ರೆ ಹೊಸದು ತಗೊಳ್ಳಿ ಅಂತಾರೆ."

ಮಂಚದ ಮೇಲಿನಿಂದ ಟಕ್ ಟಕ್ ಎಂದು ಸದ್ದಾಯಿತು. ಅಪ್ಪ ಸ್ಲೇಟಿನ ಮೇಲೆ ಬಳಪ ಕುಟ್ಟುತ್ತಿದ್ದರು. ಬರೆದು ತಿರುಗಿಸಿ ತೋರಿಸಿದರು: 'ಹೊಸದು ಬೇಡ. ಅದರ ಗ್ಯಾರಂಟಿ ನನಗಿಂತ ಜಾಸ್ತಿ ದಿನ ಇರುತ್ತೆ.'

ರಿಪೇರಿಯವನು ನಗಬೇಕೋ ಬೇಡವೋ ತಿಳಿಯದೆ ಅವಳ ಕಡೆ ನೋಡಿದ. ಅವಳೂ ಅದೇ ಗಳಿಗೆಗೆ ಅವನ ಕಡೆ ನೋಡಿದಳು. ನಗು ಇಬ್ಬರ ತುಟಿಯವರೆಗೂ ಬಂದು ಅಲ್ಲೇ ನಿಂತಿತು.

ಅಪ್ಪ ಒಂದು ಕಾಲಕ್ಕೆ ದನದ ಸಂತೆಯಲ್ಲಿ ಹರಾಜು ಕೂಗುತ್ತಿದ್ದವರು. ಅವರು ಕೂಗಿದರೆ ಮೂರು ಊರಿನ ನಾಯಿ ಬೊಗಳುತ್ತವೆ ಎಂದು ಜನ ಹೇಳುತ್ತಿದ್ದರು. ಆ ಗಂಟಲಿಗೇ ಗಡ್ಡೆ ಬಂತು. ಡಾಕ್ಟರು ಗಡ್ಡೆಯ ಜೊತೆಗೆ ಧ್ವನಿಯನ್ನೂ ತೆಗೆದರು. ಗಡ್ಡೆ ತಿರುಗಿ ಬಂತು, ಧ್ವನಿ ಬರಲಿಲ್ಲ. ಈಗ ಸಂಜೆ ನಾಲ್ಕಕ್ಕೆ ನೋವಿನ ಔಷಧಿ ಕುಡಿದರೆ ಏಳರವರೆಗೆ ಸತ್ತವರ ಹಾಗೆ ನಿದ್ದೆ. ಅವರಿಗೆ ಉಳಿದಿದ್ದ ಒಂದೇ ಆಸೆ, ದೋಣಿ ನಡೆಸುವ ಒಬ್ಬ ಮುದುಕನ ಧಾರಾವಾಹಿ. ಜಗಳವಾಡಿಕೊಂಡು ಹೊಳೆಯಾಚೆ ಹೋದ ಮಗಳಿಗಾಗಿ ಆ ಮುದುಕ ನಾನೂರು ಕಂತುಗಳಿಂದ ದಡ ಕಾಯುತ್ತಿದ್ದ. ಅದು ಬರುತ್ತಿದ್ದದ್ದು ಸೋಮವಾರದಿಂದ ಶುಕ್ರವಾರ, ಸರಿಯಾಗಿ ಐದೂವರೆಗೆ. ಚಾನೆಲ್ಲು ಚಿಕ್ಕದು, ಮರುಪ್ರಸಾರವಿಲ್ಲ, ಮೊಬೈಲಿನಲ್ಲೂ ಸಿಗುವುದಿಲ್ಲ. ಆ ಹೊತ್ತಿಗೆ ಮಗಳು ಹಾಲಿನ ಡೈರಿಯಲ್ಲಿ, ಸಾಲು ನಿಂತವರ ಹಾಲಿನಲ್ಲಿ ಕೊಬ್ಬೆಷ್ಟಿದೆ ಎಂದು ಫ್ಯಾಟ್ ನೋಡುತ್ತಿರುತ್ತಾಳೆ. ಒಣಗಿದ ಕಡ್ಡಿಯ ಹಾಗಿದ್ದ ಅವಳನ್ನು ಊರು 'ಫ್ಯಾಟಮ್ಮ' ಎಂದು ಕರೆಯುತ್ತಿದ್ದದ್ದು ಅದಕ್ಕೇ. ಡಬ್ಬಿ ತಾನಾಗಿ ಹಿಡಿದಿಟ್ಟ ಕಂತನ್ನೇ ಅಪ್ಪ ಏಳರ ಮೇಲೆ ನೋಡುತ್ತಿದ್ದದ್ದು.

"ಒಂದು ದಾರಿ ಇದೆ," ಅಂದ ರಿಪೇರಿಯವನು. "ಪೇಪರ್ ಕೊಡಿ."

ಭಾನುವಾರದ ಪೇಪರಿನಲ್ಲಿ ವಾರದ ಕಾರ್ಯಕ್ರಮಗಳ ಪಟ್ಟಿಯಿತ್ತು. ಅವನು ಬೆರಳಿಟ್ಟು ಓದುತ್ತ, ಚಾನೆಲ್ ನಂಬರು, ತಾರೀಖು, ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ಎಲ್ಲವನ್ನೂ ಒಂದೊಂದಾಗಿ ಕೈಯಿಂದ ತುಂಬಿದ. ಮುಂದೆ ಐದು ನಿಮಿಷ, ಹಿಂದೆ ಐದು ನಿಮಿಷ ಸಡಿಲ ಬಿಟ್ಟ. ಪರದೆಯ ಮೇಲೆ ಐದು ಸಾಲುಗಳಾದವು. ಅಕ್ಕಿ ಆರಿಸುವವರ ಹಾಗೆ ತಲೆ ತಗ್ಗಿಸಿ ಆ ಸಾಲುಗಳನ್ನು ಮೂರು ಸಲ ನೋಡಿದ.

"ಮುಂದಿನ ವಾರಕ್ಕೆ?" ಅಂದಳು.

"ಮುಂದಿನ ಭಾನುವಾರ ನಾನೇ ಬರ್ತೀನಿ. ಇದಕ್ಕೆ ವಾರವಾರ ತುಂಬಬೇಕು."

ಹೇಳುವಾಗ ರಿಮೋಟನ್ನೇ ನೋಡುತ್ತಿದ್ದ. ಅವನ ಕಿವಿಯ ತುದಿ ಕೆಂಪಾದದ್ದು ಯಾಕೆಂದು ಅವಳಿಗೆ ಅವತ್ತು ತಿಳಿಯಲಿಲ್ಲ.

ತಿಳಿದದ್ದು ಮೂರನೇ ವಾರ. ಯಾವುದೋ ಪಂದ್ಯದ ದೆಸೆಯಿಂದ ಗುರುವಾರದ ಕಂತು ಅರ್ಧ ಗಂಟೆ ಮುಂದಕ್ಕೆ ಹೋಯಿತು. ಅಷ್ಟಕ್ಕೆ ಅವನನ್ನು ಕರೆಸುವುದೇಕೆಂದು ಅವಳೇ ರಿಮೋಟ್ ಹಿಡಿದು ಆ ಸಾಲನ್ನು ತೆರೆದಳು. ಹೊತ್ತಿನ ಪಕ್ಕದಲ್ಲಿ 'ಒಮ್ಮೆ' ಎಂದಿತ್ತು. ಬೆರಳು ತಪ್ಪಿ ಬಾಣದ ಗುರುತು ಒತ್ತಿದಳು. 'ಒಮ್ಮೆ' ಹೋಗಿ 'ಪ್ರತಿದಿನ' ಬಂತು.

ಒಂದು ಸಲ 'ಪ್ರತಿದಿನ' ಎಂದು ಹಾಕಿದರೆ ಸಾಕು, ಡಬ್ಬಿಗೆ ಮತ್ತೆ ಯಾರೂ ಏನೂ ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿರುವವನಿಗೆ ಇದು ಗೊತ್ತಿಲ್ಲವೇ?

ಅವಳು ಮಂಚದ ಕಡೆ ತಿರುಗಿ ನೋಡಿದಳು. ಅಪ್ಪ ನಿದ್ದೆಯಲ್ಲಿದ್ದರು. ಎದೆಯೊಳಗೆ ಏನೋ ಕಾಯಿಸಿದ ಹಾಲಿನ ಹಾಗೆ ಉಕ್ಕಿತು. ಮೂವತ್ತೆಂಟು ವರ್ಷಕ್ಕೆ, ಇಷ್ಟೆಲ್ಲ ಔಷಧಿಯ ವಾಸನೆಯ ನಡುವೆ, ತನಗೋಸ್ಕರ ಒಬ್ಬ ಸುಳ್ಳು ಹೇಳಿದ್ದಾನೆ. ಅವಳು ಬಾಣವನ್ನು ಹಿಂದಕ್ಕೆ ಒತ್ತಿ, ಮೊದಲಿದ್ದ ಹಾಗೇ 'ಒಮ್ಮೆ' ಮಾಡಿಟ್ಟು ಎದ್ದಳು.

ಅಲ್ಲಿಂದ ಭಾನುವಾರಗಳಿಗೆ ಬೇರೆಯೇ ಬಣ್ಣ. ಆ ದಿನ ಮಾತ್ರ ಹಾಲಿನ ಕಮಟು ಹೋಗುವ ತನಕ ಕೈ ಉಜ್ಜಿ ತೊಳೆಯುವಳು. ಬೈಕಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿದರೆ ಅಡುಗೆಮನೆಗೆ ಹೋಗಿ, ಕೆಲಸವಿದ್ದವಳಂತೆ ತುಸು ತಡೆದು ಹೊರಗೆ ಬರುವಳು. ಅಪ್ಪ ಸ್ಲೇಟಿನ ಮೇಲೆ 'ತಂತಿ ಬಂದ' ಎಂದು ಬರೆಯುವರು. ಅವನು ಅಷ್ಟು ಸಣಕಲ.

"ಪಟ್ಟಿ ತುಂಬೋಕೆ ಇಷ್ಟು ಹೊತ್ತಾ?" ಎಂದು ಅವಳು ಕೆಣಕುವಳು. "ಐದು ಸಾಲಿಗೆ ಎರಡು ಲೋಟ ಟೀ ಆಯ್ತು."

"ಅಕ್ಷರ ಸಣ್ಣದು. ಕಣ್ಣು ಹಿಡಿಯಲ್ಲ."

"ಪರದೆ ನೋಡಿದ್ರೆ ತಾನೇ ಹಿಡಿಯೋದು."

ಅವನು ಪೆಚ್ಚಾಗಿ ಪರದೆಯ ಕಡೆ ತಿರುಗುವನು. ಅವಳು ಲೋಟ ತೆಗೆದುಕೊಳ್ಳುವಾಗ ಅವನ ಬೆರಳ ಮೇಲಿನ ಸುಟ್ಟ ಕಲೆಗಳನ್ನು ನೋಡುವಳು. ಒಂದೊಂದು ಕಲೆಯೂ ಎಲ್ಲೆಲ್ಲಿದೆ ಎಂದು ಅವಳಿಗೆ ಬಾಯಿಪಾಠವಾಗಿತ್ತು.

ಚಳಿ ಬಿದ್ದ ಮೇಲೆ ಅಪ್ಪ ಅನ್ನ ಬಿಟ್ಟರು. ಡಾಕ್ಟರು ಅವಳನ್ನು ಹೊರಗೆ ಕರೆದು, ಇನ್ನು ದಿನಗಳ ಮಾತು ಎಂದರು. ಆ ವಾರದ ಭಾನುವಾರದ ಪೇಪರಿನಲ್ಲಿ ಬಂತು: ದೋಣಿಯ ಕಥೆ ಈ ಮಂಗಳವಾರ ಬಿಟ್ಟು ಅದರ ಮುಂದಿನ ಮಂಗಳವಾರಕ್ಕೆ ಮುಕ್ತಾಯ. ಅಪ್ಪ ಬಳಪ ಹಿಡಿದು, ನಡುಗುವ ಅಕ್ಷರದಲ್ಲಿ ಬರೆದರು: 'ಅಲ್ಲೀವರೆಗೂ ಇರ್ತೀನಿ. ಆ ಮಗಳು ಬರ್ತಾಳೋ ಇಲ್ಲವೋ ನೋಡಿಯೇ ಹೋಗೋದು.'

ಆ ಭಾನುವಾರ ಪಟ್ಟಿ ತುಂಬಿದ ಮೇಲೆ ರಿಪೇರಿಯವನು ಬಾಗಿಲಲ್ಲಿ ನಿಂತ. ಚಪ್ಪಲಿಗೆ ಕಾಲು ತೂರಿಸಿದವನು ಹೋಗಲಿಲ್ಲ.

"ಒಂದು ಮಾತು. ಈಗ ಉತ್ತರ ಬೇಡ. ಮನೆಯ ಪರಿಸ್ಥಿತಿ ನನಗೂ ಕಾಣುತ್ತೆ. ನಾನು ಕಾಯ್ತೀನಿ."

ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ ಅವಳು. ಆ ಕೊನೆಯ ಮಾತು ಎಲ್ಲೋ ತಾಗಬಾರದ ಕಡೆ ತಾಗಿತು.

"ಏನನ್ನ ಕಾಯ್ತೀರಿ?"

"ಅಂದ್ರೆ... ನಿಮಗೆ ಬಿಡುವಾಗೋವರೆಗೆ."

"ನನಗೆ ಬಿಡುವು ಹೇಗಾಗುತ್ತೆ? ಬಾಯಿಬಿಟ್ಟು ಹೇಳಿ. ಒಳಗೆ ಮಲಗಿದಾರಲ್ಲ, ಅವರ ಉಸಿರು ನಿಲ್ಲೋದನ್ನ ತಾನೇ ಕಾಯ್ತೀನಿ ಅಂತಿರೋದು?"

"ಅಯ್ಯೋ, ಹಾಗಲ್ಲ..."

"ಹಾಗೇನೇ. ನೀವು ಕಾಯ್ತಾ ಕೂತ್ರೆ ನಾನೂ ಕಾಯೋಕೆ ಶುರುಮಾಡ್ತೀನಿ. ನನ್ನನ್ನ ಅಂಥವಳನ್ನಾಗಿ ಮಾಡಬೇಡಿ. ಹೋಗಿ."

ಅವನ ಮುಖ ಸುಣ್ಣದಂತಾಯಿತು. ಹೋದ. ಬೈಕು ಸ್ಟಾರ್ಟ್ ಮಾಡಲು ಮೂರು ಸಲ ಒದೆಯಬೇಕಾಯಿತು.

ಮುಂದಿನ ಭಾನುವಾರ ಅವನು ಬರಲಿಲ್ಲ.

ಪೇಪರು ಮಡಿಕೆ ಬಿಚ್ಚದೆ ಟಿವಿಯ ಮೇಲೆ ಬಿದ್ದಿತ್ತು. ಅವಳು ಎರಡು ಸಲ ಫೋನ್ ಎತ್ತಿಕೊಂಡು ಎರಡು ಸಲವೂ ಇಟ್ಟಳು. ಆಡಿದ ಮಾತನ್ನು ನುಂಗುವುದು ಹೇಗೆ? ಸಂಜೆ ರಿಮೋಟ್ ಕೈಗೆ ಬಂತು. ಎರಡು ಬಟನ್ನಿನ ಕೆಲಸ. ಆದರೆ ಅವಳ ಬೆರಳು ಏಳಲಿಲ್ಲ. ತಾನೇ ಹಾಕಿಬಿಟ್ಟರೆ ಅವನು ಬರಲು ನೆಪವೇ ಉಳಿಯುವುದಿಲ್ಲ. ಇನ್ನು ಬರಬೇಡ ಎಂದು ಎರಡನೆಯ ಸಲ ಹೇಳಿದ ಹಾಗೆ. ನಾಳೆ ಬರುತ್ತಾನೆ. ಅಪ್ಪನ ಮೇಲಿನ ಮಮತೆಗಾದರೂ ಬಂದೇ ಬರುತ್ತಾನೆ.

ಸೋಮವಾರದ ಕಂತು ಹೋಯಿತು. ಇವತ್ತು ರಜೆಯಂತೆ ಎಂದು ಅಪ್ಪನಿಗೆ ಸುಳ್ಳು ಹೇಳಿದಳು. ಅವರು ಸ್ಲೇಟು ಮುಟ್ಟಲಿಲ್ಲ.

ಮಂಗಳವಾರ ನಾಲ್ಕಕ್ಕೆ ಔಷಧಿ ಕುಡಿಸುವಾಗ ಅಪ್ಪ ಡಬ್ಬಿಯ ಕಡೆ ಬೆರಳು ತೋರಿಸಿ ಹುಬ್ಬು ಹಾರಿಸಿದರು. "ಹೂಂ ಅಪ್ಪ, ಇವತ್ತೇ ಕೊನೇದು," ಅಂದಳು. ಅವರು ಮಗುವಿನ ಹಾಗೆ ಕಣ್ಣು ಮುಚ್ಚಿದರು. ಅವಳು ರಿಮೋಟ್ ತೆಗೆದುಕೊಂಡಳು. ಬೀದಿಯಲ್ಲಿ ಬೈಕಿನ ಸದ್ದು ಕೇಳಿತು. ಕೈ ಅಲ್ಲೇ ನಿಂತಿತು. ಬೈಕು ಮುಂದಿನ ಮನೆಗೆ ಹೋಯಿತು. ಡೈರಿಗೆ ಹೊತ್ತಾಗಿತ್ತು. ಮುಖ ತೋರಿಸಲು ಸಂಕೋಚವಿರಬೇಕು, ನಾನಿಲ್ಲದಾಗ ಬಂದು ಹಾಕಿಹೋಗುತ್ತಾನೆ, ಬಾಗಿಲಿಗೆ ಹೇಗೂ ಚಿಲಕ ಹಾಕಿರಲ್ಲ ಎಂದು ತನಗೆ ತಾನೇ ಹೇಳಿಕೊಂಡು, ರಿಮೋಟನ್ನು ಹಾಸಿಗೆಯ ಮೇಲಿಟ್ಟು ನಡೆದಳು. ನಂಬಿಕೊಂಡೇ ನಡೆದಳೋ, ನಂಬಿದವಳ ಹಾಗೆ ನಡೆದಳೋ, ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ಬಗೆಹರಿಯಲಿಲ್ಲ.

ಏಳಕ್ಕೆ ಬಂದು ನೋಡಿದರೆ ಪಟ್ಟಿಯಲ್ಲಿ ಹೊಸದೇನೂ ಇರಲಿಲ್ಲ. ಅಪ್ಪ ಆಗಲೇ ಎದ್ದು ದಿಂಬಿಗೆ ಒರಗಿದ್ದರು. ಖಾಲಿ ಪರದೆಯನ್ನು ನೋಡಿ, ಅವಳನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಹಾಲಿನ ಸಾಲಿನಲ್ಲಿ ನಿಂತ ಎಲ್ಲರನ್ನೂ ಮರುದಿನ ಕೇಳಿದಳು. ದೋಣಿಯ ಧಾರಾವಾಹಿಯ ಕೊನೆ ಯಾರಾದರೂ ನೋಡಿದಿರಾ? "ಅದನ್ನ ಯಾರು ನೋಡ್ತಾರೆ ಫ್ಯಾಟಮ್ಮ? ಆ ಹೊತ್ತಿಗೆ ದೊಡ್ಡ ಚಾನೆಲ್ಲಲ್ಲಿ ಅತ್ತೆ-ಸೊಸೆ ಜಗಳ ಬರುತ್ತೆ," ಎಂದು ನಕ್ಕರು.

ಆ ಸಂಜೆ ಅವಳು ಮಂಚದ ಅಂಚಿನಲ್ಲಿ ಕೂತು ಹೇಳಿದಳು. "ಗೊತ್ತಾಯ್ತಪ್ಪ, ನೋಡಿದವರು ಸಿಕ್ಕಿದ್ರು. ಮಗಳು ಬಂದಳಂತೆ. ಆಚೆ ದಡದಲ್ಲಿ ನಿಂತು ಅಪ್ಪಾ ಅಂತ ಕೂಗಿದಳಂತೆ. ಮುದುಕ ಹುಟ್ಟು ಹಾಕಿಕೊಂಡು ಹೋಗಿ, ತಬ್ಬಿಕೊಂಡು ಗೊಳೋ ಅಂತ ಅತ್ತನಂತೆ."

ಅಪ್ಪ ಪೂರ್ತಿ ಕೇಳಿದರು. ಸ್ಲೇಟಿಗೆ ಕೈ ಚಾಚಿದರು. ಎರಡು ಸಾಲು ಬರೆಯಲು ಬಹಳ ಹೊತ್ತು ಹಿಡಿಯಿತು.

'ಸುಳ್ಳು. ಆ ಮುದುಕ ಅಳೋನಲ್ಲ. ಆದ್ರೂ ಚೆನ್ನಾಗಿ ಹೇಳಿದೆ.'

ಶುಕ್ರವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಅವಳ ಕೈಯಲ್ಲಿ ಕೈಯಿಟ್ಟುಕೊಂಡೇ ಅವರ ಉಸಿರು ನಿಂತಿತು.

ಮಣ್ಣಿಗೆ ಜನ ಬಂದರು. ರಿಪೇರಿಯವನೂ ಬಂದು ಹಿಂದೆ ನಿಂತಿದ್ದ, ಚಟ್ಟಕ್ಕೆ ಹೆಗಲು ಕೊಟ್ಟ, ಉಳಿದವರ ಜೊತೆಗೇ ಹೊರಟುಹೋದ.

ಎರಡು ವಾರ ಕಳೆದ ಮೇಲೆ, ಒಂದು ಬುಧವಾರ, ಸಂಜೆಯ ಹಾಲು ಮುಗಿದು ಅವಳು ಡೈರಿಯ ಹಿಂದಿನ ನಲ್ಲಿಯಲ್ಲಿ ಕ್ಯಾನು ತೊಳೆಯುತ್ತಿದ್ದಾಗ ಅವನು ಬಂದ. ಇನ್ನೂ ಸಣ್ಣಗಾಗಿದ್ದ.

"ಒಂದು ತಪ್ಪು ಒಪ್ಪಿಕೊಳ್ಳೋದಿದೆ," ಅಂದ. "ಕೇಳಿದ ಮೇಲೆ ಉಗಿದು ಕಳಿಸಿ. ಆ ಡಬ್ಬಿಗೆ ವಾರವಾರ ತುಂಬೋ ಅಗತ್ಯವೇ ಇರಲಿಲ್ಲ. ಪ್ರತಿದಿನ ಅಂತ ಒಂದು ಸಲ ಹಾಕಿದ್ರೆ..."

"ಗೊತ್ತು."

"ಯಾವಾಗಿಂದ?"

"ಮೂರನೇ ವಾರದಿಂದ."

ನಲ್ಲಿಯ ನೀರು ಕ್ಯಾನಿನೊಳಗೆ ಬೀಳುತ್ತಿತ್ತು. ಅದು ತುಂಬಿ ಹೊರಗೆ ಹರಿಯಿತು.

"ಹಾಗಾದ್ರೆ ಆ ಭಾನುವಾರ... ಆ ಮಂಗಳವಾರ... ನೀನೇ ಯಾಕೆ ಹಾಕಲಿಲ್ಲ?"

"ನೀವು ಯಾಕೆ ಬರಲಿಲ್ಲ?"

"ಫೋನ್ ಮಾಡ್ತೀಯ ಅಂತ ಕಾದೆ. ಪಟ್ಟಿ ಖಾಲಿ ಇರುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೇ ಅಂಗಡಿಯಲ್ಲಿ ಕೂತೆ. ಅಷ್ಟಕ್ಕಾದ್ರೂ ಕರೀತೀಯ ಅಂತ."

"ನಾನೂ ಅಷ್ಟೇ. ಅಷ್ಟಕ್ಕಾದ್ರೂ ಬರ್ತೀರ ಅಂತ."

ಅವಳು ನಲ್ಲಿ ನಿಲ್ಲಿಸಿದಳು. ಇಷ್ಟು ದಿನ ಒಬ್ಬಳೇ ಹೊತ್ತಿದ್ದ ಮಾತು ಬಾಯಿಂದ ಹೊರಗೆ ಬಿದ್ದಿತ್ತು, ಆದರೆ ಹಗುರಾಗಲಿಲ್ಲ. ಅದರ ಇನ್ನೊಂದು ತುದಿಯನ್ನು ಇನ್ನೊಬ್ಬ ಹಿಡಿದುಕೊಂಡಿದ್ದಾನೆ ಎಂಬುದಷ್ಟೇ ತಿಳಿಯಿತು.

"ಅವರಿದ್ದಿದ್ರೆ ಕಾಲು ಹಿಡೀತಿದ್ದೆ," ಅಂದ ಅವನು. "ಈಗ ಕ್ಷಮಿಸಿದೆ ಅನ್ನೋಕೆ ಯಾರೂ ಇಲ್ಲ."

"ಇಲ್ಲ," ಅಂದಳು. "ಮದುವೆ ಆದ್ರೂ ಇದು ನಮ್ಮ ಮನೆಯಲ್ಲೇ ಇರುತ್ತೆ. ಊಟಕ್ಕೆ ಕೂತಾಗ ಎದುರಿಗೆ ಬಂದು ಕೂರುತ್ತೆ. ಆಗುತ್ತಾ ನಿಮಗೆ?"

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕಣ್ಣು ತುಂಬಿತು. "ಇಂಥದ್ದು ಆದಮೇಲೂ... ನನ್ನನ್ನ?"

"ಆದಮೇಲೂ."

ಅವಳು ಕೈ ಒರೆಸಿಕೊಂಡು ಡೈರಿಯ ಬಾಗಿಲು ಹಾಕಿದಳು. ನಾಲ್ಕು ಹೆಜ್ಜೆ ನಡೆದು ನಿಂತಳು.

"ಏಳು ಗಂಟೆ ಹೊತ್ತಿಗೆ ಆ ಮನೆಯೊಳಗೆ ಒಬ್ಬಳೇ ಕಾಲಿಡೋಕೆ ಆಗ್ತಿಲ್ಲ ನನಗೆ. ದಿನಾ ಪಕ್ಕದ ಮನೆ ಜಗಲಿ ಮೇಲೆ ಕೂತಿರ್ತೀನಿ. ಬಾ."

ಅವನು ಬೈಕು ಸ್ಟಾರ್ಟ್ ಮಾಡದೆ ತಳ್ಳಿಕೊಂಡೇ ಅವಳ ಜೊತೆ ನಡೆದ. ಮನೆಯ ಮುಂದೆ ಅವಳು ಬೀಗಕ್ಕೆ ಕೀಲಿ ಹಾಕಲು ಹೋದಳು. ಕೀಲಿ ತೂರಲಿಲ್ಲ. ಎರಡು ಸಲ ನೋಡಿ, ಕೀಲಿಯನ್ನು ಅವನ ಅಂಗೈಯಲ್ಲಿಟ್ಟಳು.

ಅವನು ಬೀಗ ತೆಗೆದ. ಮೊದಲು ಒಳಗೆ ಹೋಗಿ, ಕತ್ತಲಲ್ಲಿ ಗೋಡೆ ತಡವಿ ದೀಪ ಹಾಕಿದ. ಖಾಲಿ ಮಂಚ ಕಂಡಿತು. ಅವಳು ಹೊಸಿಲಾಚೆ ಸ್ವಲ್ಪ ಹೊತ್ತು ನಿಂತಳು. ಅವನು ಕರೆಯಲಿಲ್ಲ. ಆಮೇಲೆ ಅವಳಾಗೇ ಒಳಗೆ ಬಂದಳು.