ಬಾಗಿಲು ಯಾಕೆ ಹಾಕಿದ್ರಿ ಮೇಡಂ?

"ಫೋನ್ ಇಡಬೇಡಿ ಮೇಡಂ. ಇಟ್ರೆ ನಂಗೆ ಬೇಜಾರಾಗ್ತದೆ."

ಆ ದನಿ ನನ್ನ ಮನೆಯಿಂದ ಬರುತ್ತಿತ್ತು. ಅವ್ವನ ಫೋನಿನಿಂದ!

ಅದರ ಹಿಂದೆ ಇನ್ನೊಂದು ಸದ್ದು. ಟಕ್... ಟಕ್... ಟಕ್...

"ಅದೇನು ಸದ್ದು?" ಎಂದೆ.

"ಚಾಕು ಮೇಡಂ. ಅಮ್ಮ ಬೀನ್ಸ್ ಕೊಟ್ಟಿದ್ದಾರೆ. ಹೆಚ್ತಾ ಇದ್ದೇನೆ."

ಬೆಳಗಿನ ಹನ್ನೊಂದೂವರೆ. ಚೆನ್ನೈನ ಕೋಯಂಬೇಡು ಮಾರ್ಕೆಟ್ಟಿನ ಗೇಟಿನಲ್ಲಿ ನಿಂತಿದ್ದೆ. ನೆತ್ತಿ ಸುಡುವ ಬಿಸಿಲು. ನನಗೆ ಮಾತ್ರ ಚಳಿ ಹಿಡಿದಿತ್ತು. ಎದುರಿಗೆ ಬಂದ ಆಟೋಗೆ ಅಡ್ಡ ನಿಂತೆ.

"ಅಣ್ಣಾ ನಗರ್! ಸೀಕ್ರಂ ಪೋಂಗ!" ಬೇಗ ಹೋಗಿ ಎಂದೆ.

ನನ್ನ ಹೆಸರು ಕೋಮಲಾ. ನಗಬೇಡಿ. ಇಪ್ಪತ್ತೆರಡು ವರ್ಷದಿಂದ ಕೊಲೆಗಾರರ ಎದುರು ಕೂತು ಮಾತಾಡುವುದೇ ನನ್ನ ಕಸುಬು. ಕ್ರಿಮಿನಾಲಜಿಸ್ಟ್. ಯಾಕೆ ಕೊಂದೆ, ಹೇಗೆ ಕೊಂದೆ, ಬಿಟ್ಟರೆ ಮತ್ತೆ ಕೊಲ್ಲುತ್ತೀಯಾ... ಕೇಳುತ್ತೇನೆ, ಬರೆಯುತ್ತೇನೆ, ಸಹಿ ಹಾಕುತ್ತೇನೆ. ಅಂಥವಳಿಗೆ ಆವತ್ತು ಆಟೋ ಕಂಬಿ ಹಿಡಿಯಲು ಆಗಲಿಲ್ಲ.

ಫೋನಿನಲ್ಲಿದ್ದವನು ಏಳುಮಲೈ. ಎರಡು ಕೊಲೆ. ಜೀವಾವಧಿ. ಹದಿನಾಲ್ಕು ವರ್ಷ ಒಳಗಿದ್ದು, ಈಗ ಒಂದು ತಿಂಗಳ ಪೆರೋಲ್ ಮೇಲೆ ಹೊರಗಿದ್ದ. ಅವನನ್ನು ಅವಧಿಗೆ ಮುಂಚೆ ಬಿಡಬಹುದೋ ಬೇಡವೋ ಎಂದು ವರದಿ ಕೊಡಬೇಕಾದವಳು ನಾನು. ಬೆಸೆಂಟ್ ನಗರದ ನನ್ನ ಆಫೀಸಿಗೆ ಎಂಟು ಸಲ ಬಂದಿದ್ದ. ಕೈಕಟ್ಟಿ ಕೂತು, ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಟ್ಟು ಹೋಗುತ್ತಿದ್ದ.

ಈಗ ಕನ್ನಡ! ಅದೂ ಉಡುಪಿ ಹೋಟೆಲಿನ ಕನ್ನಡ!

ಆವತ್ತು ಒಂಬತ್ತನೇ ಸಲ ಬರಬೇಕಿತ್ತು. ಬರಲಿಲ್ಲ. ಪೆರೋಲ್ ವಿಳಾಸ ಹುಡುಕಿಕೊಂಡು ಕೋಯಂಬೇಡಿಗೆ ಬಂದೆ. ಒಂದು ಹೋಟೆಲಿನ ಹಿಂದಿನ ರೂಮು. ಮಾಲೀಕರು ಸದಾನಂದ, ಕುಂದಾಪುರದ ಕಡೆಯವರು.

"ಏಳುಮಲೈಯಾ? ಬೆಳಿಗ್ಗೆಯೇ ಹೋದ ಮಾರಾಯ್ರೆ. ಜೈಲಿಗೆ ಹೋಗೋ ಮೊದ್ಲು ನಮ್ಮಲ್ಲೇ ಎಂಟು ವರ್ಷ ಇದ್ದವ ಅಲ್ವಾ! ನನ್ನ ಮಗ ಕನ್ನಡದಲ್ಲಿ ಕೇಳಿದ್ರೆ ತಮಿಳಲ್ಲಿ ಉತ್ತರ ಕೊಡ್ತಾನೆ. ಇವ ಹಾಗಲ್ಲ. ಚಂದ ಕನ್ನಡ ಮಾತಾಡ್ತಾನೆ."

ಫೈಲಿನಲ್ಲಿ 'ಹೋಟೆಲ್ ಕೆಲಸ' ಎಂದಷ್ಟೇ ಇತ್ತು. ಯಾರ ಹೋಟೆಲು ಎಂದು ನಾನು ಕೇಳಿರಲೇ ಇಲ್ಲ.

ತಕ್ಷಣ ಮನೆಗೆ ಫೋನ್ ಮಾಡಿದೆ. ಅವನು ಎತ್ತಿದ!

ಚೆನ್ನೈ ಕನ್ನಡಿಗರಿಗೆ ಒಂದು ಧೈರ್ಯ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಡಾಕ್ಟರ ಎದುರಿಗೆ... ಗುಟ್ಟು ಹೇಳಬೇಕೆಂದರೆ ಕನ್ನಡಕ್ಕೆ ಹೊರಳುತ್ತೇವೆ. ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ಆ ಎಂಟು ಸಲವೂ ಅವ್ವ ಫೋನ್ ಮಾಡಿದ್ದಳು. ಎಂಟು ಸಲವೂ ಅವನ ಎದುರಿಗೇ ಮಾತಾಡಿದ್ದೆ. ಅಣ್ಣಾ ನಗರದ ಯಾವ ಬೀದಿ, ಮೂರನೇ ಮಹಡಿ, ಲಿಫ್ಟ್ ಕೆಟ್ಟಿರುವುದು, ಹಗಲೆಲ್ಲ ಅವ್ವ ಒಬ್ಬಳೇ ಇರುವುದು... ಎಲ್ಲ!

ಅದಕ್ಕಿಂತ ಕೆಟ್ಟದ್ದೂ ಒಂದಿತ್ತು. ಅವನಿಗೆ ತಮಿಳಿನಲ್ಲಿ, ನೀನು ತುಂಬಾ ಬದಲಾಗಿದ್ದೀಯ ಎಂದಿದ್ದೆ. ಎರಡು ನಿಮಿಷದ ಮೇಲೆ ಅವ್ವನಿಗೆ ಕನ್ನಡದಲ್ಲಿ, "ಎದುರಿಗೇ ಕುಂತಾನೆ. ಬಿಟ್ರೆ ಮತ್ತೆ ಕೊಲ್ತಾನೆ ಕಣವ್ವಾ" ಎಂದಿದ್ದೆ.

ಆಗಲೂ ಅವನು ಕೈಕಟ್ಟಿಯೇ ಕೂತಿದ್ದ.

ತಿರುಮಂಗಲದ ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ಟೈಮ್ ನೋಡಿದೆ. ಹನ್ನೊಂದು ನಲವತ್ತು... ಜೀವ ಬಾಯಿಗೆ ಬಂತು!

ಹನ್ನೆರಡರ ಒಳಗೆ ಅವ್ವ ಸ್ನಾನ ಮುಗಿಸಿ ಲಿಂಗಪೂಜೆಗೆ ಕೂರುತ್ತಾಳೆ. ಪೂಜೆ ಕೋಣೆಯ ಬಾಗಿಲು ಮುಚ್ಚಿ ಚಿಲಕ ಹಾಕುತ್ತಾಳೆ. ನಾನು ಕಂಡಂತೆ ಒಂದು ದಿನವೂ ತಪ್ಪಿದ್ದಿಲ್ಲ.

ಏಳುಮಲೈ ಕೊಂದ ಇಬ್ಬರೂ ಮಾಡಿದ್ದು ಅದೊಂದೇ ತಪ್ಪು. ಲಾಡ್ಜ್ ಮ್ಯಾನೇಜರ್ ಇವನನ್ನು ಹೊರಗೆ ತಳ್ಳಿ ಚಿಲಕ ಹಾಕಿದ. ಗೋಡೌನ್ ಮೇಸ್ತ್ರಿ ಒಳಗಿಟ್ಟು ಹಾಕಿದ. ಚಿಕ್ಕಂದಿನಲ್ಲಿ ಇವನ ಅಪ್ಪ ದಿನಗಟ್ಟಲೆ ಕೂಡಿಹಾಕುತ್ತಿದ್ದನಂತೆ. ಹೇಳದೆ ಕೇಳದೆ ಚಿಲಕ ಬಿದ್ದರೆ ಇವನು ಇವನಾಗಿರುವುದಿಲ್ಲ. ಜೈಲಿನಲ್ಲಿ ಚಿಲಕ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಮೊದಲೆರಡು ವರ್ಷ ಸಂಜೆ ಬೀಗ ಹಾಕುವಾಗ ಇವನನ್ನು ನಾಲ್ವರು ಹಿಡಿದುಕೊಳ್ಳುತ್ತಿದ್ದರು!

"ಅವ್ವಂಗೆ ಫೋನ್ ಕೊಡು ಏಳುಮಲೈ."

"ಸ್ಪೀಕರ್ ಹಾಕ್ತೇನೆ. ಮಾತಾಡಿ."

"ಏನೇ ಕೋಮಲಾ?" ಅವ್ವನ ದನಿ. "ನೀನ್ ಕಳ್ಸಿದ್ ಹುಡ್ಗ ಭಾಳ ಚೆಂದ ಬೀನ್ಸ್ ಹೆಚ್ತಾನೆ ಕಣೇ. ಮಾತು ಮಂಗ್ಳೂರ್ ಕಡೇದು. ನಮ್ಮೋನೇ."

ಬಾಯಿ ತೆರೆದೆ. ಯಾವ ಭಾಷೆಯಲ್ಲಿ ಹೇಳಲಿ? ತಮಿಳು ಅವನದು. ಇಂಗ್ಲಿಷ್ ಅವ್ವನಿಗೆ ಬಾರದು. ನಮ್ಮಿಬ್ಬರದೇ ಎಂದುಕೊಂಡಿದ್ದ ಕನ್ನಡವೂ ಈಗ ಅವನ ಕೈಯಲ್ಲಿತ್ತು.

"ಅವ್ವಾ, ಇವತ್ತೊಂದಿನ ಪೂಜೆ ಬ್ಯಾಡ. ನಾನ್ ಬರೋ ತಂಕ ಇರು."

"ಬಾಯಿಗ್ ಬಂದಂಗೆ ಮಾತಾಡ್ಬ್ಯಾಡ. ಪೂಜೆ ಬಿಟ್ಟು ಉಣ್ಣಾಕಾಗ್ತೈತೇನೆ? ನೀರ್ ಕಾದೈತೆ. ನಾನ್ ಹೋದೆ."

"ಬಾಗ್ಲಾದ್ರೂ ತೆಗೆದಿಡವ್ವಾ!"

ಅವ್ವ ಹೋಗಿಯಾಗಿತ್ತು. ಚಾಕುವಿನ ಸದ್ದೂ ನಿಂತಿತು.

"ಬಾಗಿಲು ಎಂತಕ್ಕೆ ತೆಗೆದಿಡ್ಬೇಕು ಮೇಡಂ?"

ಆ ಕಡೆಯಿಂದ ಅವನೇ ಫೋನ್ ಕಟ್ ಮಾಡಿದ.

ಇನ್ಸ್‌ಪೆಕ್ಟರ್ ಬೃಂದಾಗೆ ಫೋನ್ ಹಚ್ಚಿದೆ. ಹಳೆಯ ಗೆಳತಿ. ಏಳುಮಲೈ ನನ್ನ ಮನೆಯಲ್ಲಿದ್ದಾನೆ ಎಂದು ಹೇಳಿ, ಮೂರೇ ಮಾತು ಸೇರಿಸಿದೆ. ಸೈರನ್ ಬೇಡ. ಮೇಲೆ ಬರಬೇಡ. ಮೆಟ್ಟಿಲ ಬುಡದಲ್ಲಿ ನಿಂತಿರು.

"ಅಣ್ಣಾ, ಪೋಂಗ!"

"ಸಿಗ್ನಲ್ ಇರುಕ್ಕುಮ್ಮಾ!"

"ಅಮ್ಮಾ ಸೆತ್ತುಡುವಾಂಗ!" ಅವ್ವ ಸತ್ತುಹೋಗ್ತಾಳೆ ಎಂದು ಕಿರುಚಿದೆ.

ಡ್ರೈವರ್ ತಿರುಗಿ ನನ್ನ ಮುಖ ನೋಡಿದ. ಮರುಮಾತಿಲ್ಲದೆ ಆಟೋವನ್ನು ರಾಂಗ್ ಸೈಡಿಗೆ ನುಗ್ಗಿಸಿದ! ಎದುರಿಗೆ ಬಸ್ಸು. ಹಾರ್ನ್. ಯಾರೋ ಬೈದರು. ಕಣ್ಣು ಮುಚ್ಚಿಕೊಂಡೆ. ದೇವರನ್ನು ನೆನೆಯೋಣವೆಂದರೆ ದೇವರ ಹೆಸರೂ ಬಾಯಿಗೆ ಬರಲಿಲ್ಲ.

ಮೂರು ಮಹಡಿ. ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಮುಂಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಾಲಿಟ್ಟೆ.

ಏಳುಮಲೈ ಪೂಜೆ ಕೋಣೆಯ ಎದುರಿಗೇ ನಿಂತಿದ್ದ. ಕೈಯಲ್ಲಿ ಚಾಕು. ಅವನ ಹಿಂದೆ ಪೂಜೆ ಕೋಣೆಯ ಬಾಗಿಲು... ಮುಚ್ಚಿತ್ತು!

"ಅವ್ವ ಎಲ್ಲಿ?"

"ಒಳಗಿದ್ದಾರೆ. ಬಾಗ್ಲು ಹಾಕ್ಕಳ್ಳೇನಪ್ಪಾ ಅಂತ ಕೇಳಿದ್ರು. ಹಾಕ್ಕೊಳ್ಳಿ ಅಮ್ಮ ಅಂದೆ." ಮುಚ್ಚಿದ ಬಾಗಿಲನ್ನು ತಿರುಗಿ ನೋಡಿದ. "ನನ್ನನ್ನು ಹಾಗೆ ಯಾರೂ ಕೇಳಿದ್ದಿಲ್ಲ ಮೇಡಂ."

ಒಳಗಿನಿಂದ ಗಂಟೆಯ ಸದ್ದು ಬಂತು. ಆಮೇಲೆ ಅವ್ವನ ಕೆಮ್ಮು. ಬದುಕಿದ್ದಾಳೆ! ಹಾಗೇ ಹಿಂದಕ್ಕೆ ವಾಲಿ ಮುಂಬಾಗಿಲಿಗೆ ಒರಗಿದೆ.

ಟಕ್!

ನಮ್ಮ ಮುಂಬಾಗಿಲಿನದು ತಾನಾಗಿ ಬೀಳುವ ಲಾಕ್.

ಅವನ ಮುಖದಲ್ಲಿದ್ದ ನೆತ್ತರು ಇಳಿದುಹೋಯಿತು.

"ಬಾಗಿಲು ಯಾಕೆ ಹಾಕಿದ್ರಿ ಮೇಡಂ?"

"ನಾನು... ಬೇಕಂತ ಅಲ್ಲ..."

"ಯಾಕೆ ಹಾಕಿದ್ರಿ?"

ಒಂದು ಹೆಜ್ಜೆ. ಇನ್ನೊಂದು. ಮುಂದೇನಾಗುತ್ತದೆ ಎಂದು ನನಗೆ ಗೊತ್ತಿತ್ತು. ವರದಿಯ ನಾಲ್ಕನೇ ಪುಟದಲ್ಲಿ ನಾನೇ ಬರೆದಿದ್ದೆ. ಬೆನ್ನ ಹಿಂದೆ ಕೈ ಹಾಕಿ ಲಾಕ್ ತಡಕಾಡಿದೆ. ಕೈ ಬೆವರಿ ಜಾರಿತು. ಚಾಕುವಿನ ತುದಿ ಬಂದು ಗಂಟಲಿಗೆ ತಾಗಿತು. ಬೀನ್ಸಿನ ಹಸಿ ವಾಸನೆ ಬಂತು.

"ಅಮ್ಮನಿಗೆ ಹೇಳಿದ್ದನ್ನ ನಂಗೆ ಹೇಳಿ. ಕನ್ನಡದಲ್ಲೇ ಹೇಳಿ."

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನನ್ನ ಸುಳ್ಳು ಯಾವುದು, ನಿಜ ಯಾವುದು ಎಂದು ಜಗತ್ತಿನಲ್ಲಿ ಇವನೊಬ್ಬನಿಗೇ ಗೊತ್ತು!

"ನಿನ್ನ ಬಿಟ್ರೆ ಮತ್ತೆ ಕೊಲ್ತೀಯ ಅಂದೆ. ಹಾಗೇ ಬರೆದಿದ್ದೀನಿ. ಸಹಿ ಒಂದೇ ಬಾಕಿ."

ಅವನು ಉಸಿರಾಡುತ್ತಿದ್ದ. ನಾನು ಉಸಿರು ಬಿಗಿ ಹಿಡಿದಿದ್ದೆ. ಬೆರಳಿಗೆ ಲಾಕ್ ಸಿಕ್ಕಿತು. ತಿರುಗಿಸಿದೆ. ಮೆಲ್ಲಗೆ ಪಕ್ಕಕ್ಕೆ ಸರಿದು ಬಾಗಿಲನ್ನು ಪೂರ್ತಿ ತೆರೆದೆ.

"ತೆಗೆದಿದೆ. ಹೋಗು."

ಚಾಕು ಕದಲಲಿಲ್ಲ. ತೆರೆದ ಬಾಗಿಲನ್ನು ನೋಡಿದ. ನನ್ನನ್ನು ನೋಡಿದ. ಎಷ್ಟು ಹೊತ್ತು? ನನಗೆ ಒಂದು ವರ್ಷ.

ಆಮೇಲೆ ಹಿಂದೆ ಸರಿದ. ಚಾಕುವನ್ನು ಬೀನ್ಸಿನ ತಟ್ಟೆಯಲ್ಲಿಟ್ಟ.

"ಲಾಕ್ ಬಿತ್ತು. ಆದ್ರೂ ಕೊಲ್ಲಲಿಲ್ಲ. ಅದನ್ನೂ ಬರೀರಿ ಮೇಡಂ."

ಮೆಟ್ಟಿಲು ಇಳಿದು ಹೋದ. ಕೆಳಗೆ ಬೃಂದಾ ನಿಂತಿದ್ದಳು. ಕೇಳುವ ಮೊದಲೇ ಎರಡೂ ಕೈ ಮುಂದೆ ಚಾಚಿದನಂತೆ.

ಅವ್ವ ವಿಭೂತಿ ಹಚ್ಚಿಕೊಂಡು ಹೊರಗೆ ಬಂದಳು.

"ಆ ಹುಡ್ಗ ಎಲ್ಲೇ? ಉಣ್ಣದೇ ಹೋದ್ನಾ? ಪಾವಂ ಕಣೇ."

ನಾನು ಬೀನ್ಸಿನ ತಟ್ಟೆಯಿಂದ ಚಾಕು ಎತ್ತಿ ಒಳಗಿಟ್ಟೆ.

ಕಂಪ್ಲೇಂಟ್ ಕೊಡು ಎಂದಳು ಬೃಂದಾ. ಕೊಟ್ಟರೆ ಫೈಲು ಬೇರೆಯವರ ಕೈಗೆ ಹೋಗುತ್ತದೆ. ಅವರು ಅವನನ್ನು ಕೇಳುತ್ತಾರೆ. ಲಾಕ್ ಬಿದ್ದರೂ ಕೊಲ್ಲಲಿಲ್ಲ ಎಂದು ಅವನು ಹೇಳುತ್ತಾನೆ, ಅವರು ಬಿಡಬಹುದು ಎಂದು ಬರೆಯುತ್ತಾರೆ. ಕೊಡಲಿಲ್ಲ. ಬೃಂದಾ ಅವನನ್ನು ಕೋಯಂಬೇಡಿನ ರೂಮಿಗೆ ವಾಪಸ್ ಕಳಿಸಿದಳು.

ಸಂಜೆ ನಾಲ್ಕಕ್ಕೆ ಮನೆಯಲ್ಲೇ ಫೈಲು ಬಿಚ್ಚಿದೆ. ಇಪ್ಪತ್ತೆರಡು ವರ್ಷ ಕಲಿತ ವಿದ್ಯೆ ಒಂದೇ ಮಾತು ಹೇಳುತ್ತಿತ್ತು. ಅಂಥ ಗಳಿಗೆಯಲ್ಲಿ ಕೈ ತಡೆದವನು ಬದಲಾಗಿದ್ದಾನೆ, ಬಿಡಬಹುದು. ಗಂಟಲ ಮೇಲಿನ ಗೀರು ಇನ್ನೂ ಉರಿಯುತ್ತಿತ್ತು. ಹೊರಗೆ ಯಾರದೋ ಹೆಜ್ಜೆ ಸದ್ದಾಯಿತು. ಎದ್ದು ಹೋಗಿ ಲಾಕ್ ನೋಡಿ ಬಂದೆ. ಎರಡು ಸಲ.

'ಬಿಡುಗಡೆ ಬೇಡ' ಎಂದು ಬರೆದು ಸಹಿ ಹಾಕಿದೆ. ಕಾರಣದ ಜಾಗದಲ್ಲಿ 'ಸಾರ್ವಜನಿಕರ ಸುರಕ್ಷತೆ' ಎಂದು ತುಂಬಿಸಿದೆ.

ಆ ಸಾರ್ವಜನಿಕರು ಒಟ್ಟು ಇಬ್ಬರು. ಒಬ್ಬಳಿಗೆ ಎಪ್ಪತ್ತಾರು ವರ್ಷ, ಇನ್ನೊಬ್ಬಳು ಕ್ರಿಮಿನಾಲಜಿಸ್ಟ್!