ಎಪ್ಪತ್ತಾರು ದಿನ

ಅವನು ಮೊದಲ ದಿನ ಅವಳಿಗೆ ಕೊಟ್ಟದ್ದು ಒಂದು ನೋಟುಬುಕ್ಕು.

"ದಿನಾ ಬರೀಬೇಕು. ಉಪ್ಪು ಎಷ್ಟು, ಬಿಸಿ ಎಷ್ಟು, ಯಾರು ಊಟ ಮಾಡಿದ್ರು, ಯಾರು ಮಾಡ್ಲಿಲ್ಲ. ಆಗುತ್ತಾ ನಿಮ್ಮ ಕೈಲಿ?"

ತನ್ನ ಕೈಲಾಗುವುದು ಅದೊಂದೇ ಎಂದು ಶ್ರೀಗೌರಿ ಹೇಳಲಿಲ್ಲ. ತಲೆಯಾಡಿಸಿದಳು, ಅಷ್ಟೆ.

ಸಾಗರದ ಪೇಟೆಯಲ್ಲಿ ಡಾಕ್ಟರ್ ವಾಗ್ದೇವಿಯವರದು ಮಕ್ಕಳ ಹಲ್ಲಿನ ಕ್ಲಿನಿಕ್ಕು. ಬಿ.ಎಸ್ಸಿ. ಮುಗಿಸಿದ ಶ್ರೀಗೌರಿ ಕೆಳದಿಯಿಂದ ದಿನವೂ ಬಸ್ಸಿನಲ್ಲಿ ಬಂದು ಅಲ್ಲಿ ಚೀಟಿ ಬರೆಯುತ್ತಿದ್ದಳು. ಒಳಗಿನ ಯಂತ್ರದ ಸದ್ದಿಗೆ ಹೊರಗೆ ಕೂತ ಮಕ್ಕಳು ಅಳಬಾರದೆಂದು ಡಾಕ್ಟರು ಸಮುದ್ರದ ಮೀನಿನ ಟ್ಯಾಂಕು ಇಡಿಸಿದರು. ಇಟ್ಟವನು ನಿರಂಜನ, ಮಾರಿಗುಡಿ ಹತ್ತಿರ ಸಣ್ಣ ಮೀನಿನಂಗಡಿ ನಡೆಸುತ್ತಿದ್ದ ಹೊಸನಗರದ ಹುಡುಗ. ಸಿಹಿನೀರಿನ ಮೀನು ಎಷ್ಟೋ ಮನೆಗೆ ಕೊಟ್ಟಿದ್ದ. ಉಪ್ಪುನೀರಿನದು ಇದೇ ಮೊದಲು. ಇದನ್ನು ನೋಡಿ ಒಪ್ಪಿಗೆಯಾದರೆ ತೀರ್ಥಹಳ್ಳಿಯ ಹೋಟೆಲಿನವರು ಗೋಡೆಯಷ್ಟು ದೊಡ್ಡ ಟ್ಯಾಂಕು ಮಾಡಿಸುತ್ತೇವೆಂದಿದ್ದರು. ಅವನ ಮುಂದಿನ ದಾರಿಯೆಲ್ಲ ಆ ಗೋಡೆಯಲ್ಲಿತ್ತು.

ಉಪ್ಪು ಅಳೆಯಲು ಅವನಲ್ಲಿ ಪುಟ್ಟ ದುರ್ಬೀನಿನಂಥ ಕೊಳವೆಯಿತ್ತು. ಅದರ ತುದಿಗೆ ಒಂದು ಹನಿ ನೀರು ಬಿಟ್ಟು, ಒಂದು ಕಣ್ಣು ಮುಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಒಂದು ಶನಿವಾರ ಅವನು ಕಿಟಕಿಯ ಬದಲು ಅವಳ ಕಡೆ ತಿರುಗಿಸಿದ.

"ಎಂತ ನೋಡ್ತಿದ್ದೀರಿ?"

"ಉಪ್ಪು. ಸ್ವಲ್ಪ ಜಾಸ್ತಿನೇ ಇದೆ."

ಅವಳು ತಕ್ಷಣ ಚೀಟಿಗಳ ಕಡೆ ಬಗ್ಗಿದಳು. ಕಿವಿ ಮಾತ್ರ ಕೆಂಪಾಗಿತ್ತು. ಅದನ್ನು ಅಳೆಯಲು ಕೊಳವೆ ಬೇಕಿರಲಿಲ್ಲ.

ಬಿಳಿಪಟ್ಟೆಯ ಕಿತ್ತಳೆ ಮೀನುಗಳೆರಡಕ್ಕೆ ಮಕ್ಕಳು ಜಿಲೇಬಿ, ಕೇಸರಿಬಾತು ಎಂದು ಹೆಸರಿಟ್ಟಿದ್ದರು. ಹಲ್ಲು ಹುಳುಕಾದ ಮಕ್ಕಳು ಮತ್ತೇನು ಹೆಸರಿಡುತ್ತಾರೆ. ನೋಟುಬುಕ್ಕಿನಲ್ಲಿ ಶ್ರೀಗೌರಿ ಬರೆದಳು: "ಉಪ್ಪು 1.025. ಬಿಸಿ 26. ಜಿಲೇಬಿ ಊಟ ಮಾಡಿತು. ಕೇಸರಿಬಾತಿಗೆ ಮುನಿಸು."

ಶನಿವಾರ ಟ್ಯಾಂಕು ನೋಡಲು ಬಂದ ನಿರಂಜನನದು ಅದರ ಕೆಳಗೆ ಪೆನ್ಸಿಲ್ ಅಕ್ಷರ: "ಯಾಕೆ ಅಂತ ಕೇಳಿದ್ರಾ?"

"ಕೇಳಿದೆ. ಹೇಳಲಿಲ್ಲ."

"ಯಾರ ಥರ?"

ಆಮೇಲೆ ಪ್ರತಿ ಶುಕ್ರವಾರ ಅವಳು ಪುಟದ ಕೊನೆಗೆ ಎರಡು ಸಾಲು ಜಾಗ ಬಿಡತೊಡಗಿದಳು. ಮನೆಯಲ್ಲಿದ್ದ ಡೈರಿ ಹಾಗೇ ಬಿದ್ದಿತ್ತು. ಬಾಯಲ್ಲಿ ಬಾರದ್ದೆಲ್ಲ ಈಗ ಉಪ್ಪು, ಬಿಸಿಗಳ ಕೆಳಗೆ ಬಂದು ಕೂರುತ್ತಿತ್ತು.

ಮೇ ತಿಂಗಳ ಮೊದಲ ವಾರ ಜಿಲೇಬಿಯ ರೆಕ್ಕೆಯ ಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು ಕಂಡವು. ಮಾರನೇ ದಿನ ಕೇಸರಿಬಾತು ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿತ್ತು. ನಿರಂಜನ ಓಡಿ ಬಂದು ಮಂಡಿಯೂರಿ ನೋಡಿದ.

"ನನ್ನದೇ ತಪ್ಪು ಮೇಡಂ," ಎಂದ, ಡಾಕ್ಟರು ಕೇಳುವ ಮೊದಲೇ. "ಮೀನುಗಳನ್ನ ತಿಂಗಳು ಬೇರೆ ಟಬ್ಬಲ್ಲಿಟ್ಟು ನೋಡಿ ಬಿಟ್ಟೆ. ಈ ಹೂವನ್ನ ಹಾಗೇ ಬಿಟ್ಬಿಟ್ಟೆ. ಅದರ ಕಲ್ಲಿಗೆ ರೋಗ ಅಂಟಿಕೊಂಡು ಬಂದಿದೆ."

ಹೂವೆಂದರೆ ಅನಿಮೋನ್. ಹೂವಿನಂತೆ ಕಾಣುವ ಪ್ರಾಣಿ. ಮೀನುಗಳೆರಡೂ ಮಲಗುತ್ತಿದ್ದದ್ದು ಅದರ ಮಡಿಲಲ್ಲಿ. ಬುಡದಲ್ಲೊಂದು ಸಿಗಡಿಯೂ ಇತ್ತು. ಅವನು ಅಷ್ಟು ಸಲೀಸಾಗಿ ತಪ್ಪು ಒಪ್ಪಿಕೊಂಡದ್ದನ್ನು ಶ್ರೀಗೌರಿ ಬೆರಗಿನಿಂದ ನೋಡಿದಳು.

"ಈಗೇನು ಮಾಡೋದು?" ಅವಳು ಮೆಲ್ಲಗೆ ಕೇಳಿದಳು.

"ಮೀನು ಎರಡನ್ನೂ ಟಬ್ಬಿಗೆ ಹಾಕಿ ತಾಮ್ರದ ಔಷಧಿ ಕೊಡ್ತೀನಿ. ಅದರ ಒಂದು ಹನಿನೂ ಈ ಟ್ಯಾಂಕಿಗೆ ಬೀಳಬಾರದು. ಮೀನು ತಡ್ಕೊಳ್ಳುತ್ತೆ, ಹೂವು, ಸಿಗಡಿ ತಡ್ಕೊಳ್ಳಲ್ಲ. ಟ್ಯಾಂಕು ಎಪ್ಪತ್ತಾರು ದಿನ ಮೀನಿಲ್ಲದೆ ಖಾಲಿ ಇರ್ಬೇಕು. ಅಂಟಿಕೊಳ್ಳೋಕೆ ಮೈ ಸಿಗದಿದ್ರೆ ರೋಗ ತಾನಾಗೇ ಹಸಿದು ಸಾಯುತ್ತೆ."

"ಎಪ್ಪತ್ತಾರು ದಿನ ಮೀನು, ಹೂವು ಬೇರೆ ಬೇರೆನಾ?"

"ಕಾದ್ರೆ ಮತ್ತೆ ಸೇರ್ತಾವೆ." ಅವನು ಮೀನಿನ ಕಡೆ ನೋಡುತ್ತಿರಲಿಲ್ಲ.

ಆ ಶನಿವಾರ ಪೆನ್ಸಿಲಿನಲ್ಲಿ ಬರೆದಿದ್ದ: "ಎಪ್ಪತ್ತಾರನೇ ದಿನ ತೀರ್ಥಹಳ್ಳಿಯವರು ಬರ್ತಾರೆ. ಅವರು ಹೋದ ಮೇಲೆ ನಿಮ್ಮ ಹತ್ರ ಒಂದು ಮಾತು ಕೇಳೋದಿದೆ." ಶ್ರೀಗೌರಿ ಅದರ ಕೆಳಗೆ "ಈಗಲೇ ಕೇಳಿ" ಎಂದು ಬರೆದು, ಕಾಗದ ತೆಳ್ಳಗಾಗುವ ತನಕ ಅಳಿಸಿದಳು.

ಅರವತ್ತೊಂದನೇ ದಿನ ನೀರು ಬದಲಿಸಬೇಕಿತ್ತು. ನಿರಂಜನ ನಾಟಿಗೆಂದು ಹೊಸನಗರಕ್ಕೆ ಹೋಗಿದ್ದ. ಉಪ್ಪು ಕಲಸುವ ಕ್ಲಿನಿಕ್ಕಿನ ಬಕೆಟ್ಟು ಹಿಂದಿನ ದಿನವೇ ಬಿರುಕು ಬಿಟ್ಟಿತ್ತು. ಅವನು ಬರುವುದರೊಳಗೆ ಮಾಡಿ ಮುಗಿಸಿ, ಪುಸ್ತಕದಲ್ಲಿ ಜಂಬದಿಂದ ಬರೆಯಬೇಕೆಂದು ಶ್ರೀಗೌರಿಗೆ ಆಸೆಯಾಯಿತು. ಮನೆಯ ಹಿತ್ತಲಲ್ಲಿದ್ದ ಮುಚ್ಚಳದ ಬಕೆಟ್ಟನ್ನು ಮೂರು ಸಲ ಸೋಪು ಹಾಕಿ ತಿಕ್ಕಿ ಬಸ್ಸಿಗೆ ಹತ್ತಿಸಿದಳು. ಅಂಚಿನ ಕೆಳಗೆ ತಿಳಿನೀಲಿ ಕಲೆಯಿತ್ತು. ಹುಟ್ಟಿದಾಗಿನಿಂದ ಅಪ್ಪನ ಅಂಗಿಯ ಮೇಲೆ, ಬಾವಿಕಟ್ಟೆಯ ಮೇಲೆ, ಕೊಡದ ಮೇಲೆ ಕಂಡ ಕಲೆ. ಕಂಡೂ ಕಂಡೂ ಕಣ್ಣಿಗೆ ಕಾಣದಂತಾದ ಕಲೆ.

ಆ ಬಕೆಟ್ಟಿನಲ್ಲಿ ಉಪ್ಪುನೀರು ಕಲಸಿ ಟ್ಯಾಂಕಿಗೆ ಸುರಿದ ಎರಡನೇ ದಿನ ಸಿಗಡಿ ಅಂಗಾತ ಬಿದ್ದಿತ್ತು. ಮೂರನೇ ದಿನ ಹೂವು ಮುದುಡಿ, ಬೂದುಬಣ್ಣಕ್ಕೆ ತಿರುಗಿ, ನೀರಿಗೆ ಕರಗತೊಡಗಿತು. ವಾಸನೆಗೆ ಮಕ್ಕಳು ಮೂಗು ಮುಚ್ಚಿಕೊಂಡರು.

ಸಂಜೆ ಮನೆಯಲ್ಲಿ ಅಪ್ಪ ಕೇಳಿದ, "ಕೂಸೇ, ಬಕೆಟ್ ಎಲ್ಲಿ ಹೋತು? ನಾಳೆ ಅಡಿಕೆಗೆ ಎರಡನೇ ಔಷಧಿ ಹೊಡೆಯವು. ಮೈಲುತುತ್ತ ಕಲಸೂಲೆ ಬೇರೆ ಇಲ್ಲೆ."

ಶ್ರೀಗೌರಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ಮೈಲುತುತ್ತ ಎಂದರೆ ತಾಮ್ರವೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ಅವಳು.

ಮರುದಿನ ನಿರಂಜನ ಬಂದ. ನೀರಿಗೆ ಎರಡು ಬಗೆಯ ದ್ರಾವಣ ಹಾಕಿ ಪರೀಕ್ಷಿಸಿದ. ಗಾಜಿನ ನಳಿಗೆಯ ಬಣ್ಣ ತಿರುಗಿತು.

"ತಾಮ್ರ," ಎಂದ.

"ನಿಮ್ಮ ಟಬ್ಬಿಂದು ತಾನೆ ನಿರಂಜನ್?" ಡಾಕ್ಟರ ದನಿ ಏರಿತು. "ಒಂದು ಹನಿ ಬೀಳಬಾರದು ಅಂತ ನೀವೇ ಹೇಳಿದ್ರಿ. ಮೊದಲು ರೋಗ ತಂದ್ರಿ, ಈಗ ವಿಷ. ತೀರ್ಥಹಳ್ಳಿಯವರು ಫೋನ್ ಮಾಡಿ ಕೇಳಿದ್ರೆ ನಾನೇನು ಹೇಳ್ಲಿ?"

ಅವನ ಕಣ್ಣು ಮೂಲೆಯಲ್ಲಿದ್ದ ಬಕೆಟ್ಟಿನ ಮೇಲೆ ಹೋಯಿತು, ಅಂಚಿನ ನೀಲಿಯ ಮೇಲೆ ನಿಂತಿತು. ಅಲ್ಲಿಂದ ಶ್ರೀಗೌರಿಯ ಮುಖಕ್ಕೆ ಬಂತು. ಅವಳಿಗೆ ಗೊತ್ತಾಯಿತು, ಅವನಿಗೆ ಗೊತ್ತಾಗಿದೆ.

"ನನ್ನ ಕೈಯಿಂದಲೇ ಆಗಿರ್ಬೇಕು ಮೇಡಂ," ಎಂದ. ಹಾಗೆಂದು ಅವಳನ್ನೇ ನೋಡುತ್ತ ನಿಂತ.

ಒಂದೇ ಒಂದು ಮಾತು ಸಾಕಿತ್ತು. ಶ್ರೀಗೌರಿ ನೆಲ ನೋಡಿದಳು.

ಡಾಕ್ಟರ ಎದುರು ನಿಂತು ಹೇಳಲು ಅವಳಿಗೆ ಐದು ದಿನ ಹಿಡಿಯಿತು. ಡಾಕ್ಟರು ಬಯ್ಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಮೊನ್ನೆನೇ ಹೇಳಿದ್ರೆ ಆಗ್ತಿತ್ತಲ್ಲ ಗೌರಿ," ಎಂದಷ್ಟೇ ಹೇಳಿ ತೀರ್ಥಹಳ್ಳಿಗೆ ಫೋನು ಮಾಡಿದರು. ಹೋಟೆಲಿನವರು ಆ ಗೋಡೆಗೆ ದೊಡ್ಡ ಟಿ.ವಿ. ತರಿಸಿಯಾಗಿತ್ತು.

ಎಪ್ಪತ್ತಾರನೇ ದಿನ ಅವಳು ಅವನ ಅಂಗಡಿಗೆ ಹೋದಳು. ಅರ್ಧ ಬಾಗಿಲು ಎಳೆದಿತ್ತು. ಒಳಗೆ ಅವನು ಖಾಲಿ ಗಾಜುಗಳಿಗೆ ಹಳೇ ಪೇಪರು ಸುತ್ತುತ್ತಿದ್ದ. ಕ್ಲಿನಿಕ್ಕಿನ ಟ್ಯಾಂಕಿನ ಕಲ್ಲುಗಳು ಚೀಲದಲ್ಲಿದ್ದವು.

"ಜಿಲೇಬಿ, ಕೇಸರಿಬಾತು?"

"ಚೊಕ್ಕ ಗುಣ ಆದ್ವು. ಹೊನ್ನಾವರದಲ್ಲಿ ಗೆಳೆಯ ಇದಾನೆ, ಅವನಿಗೆ ಕೊಟ್ಟೆ."

ಗುಣವಾದ ಮೇಲೆ ಅವಕ್ಕೆ ಹೋಗಲು ಮನೆಯಿರಲಿಲ್ಲ.

"ಈ ಕಲ್ಲು?"

"ಎಸೀತೀನಿ. ನೀರಲ್ಲಿರೋ ತಾಮ್ರ ತೆಗೀಬಹುದು. ಕಲ್ಲು ಕುಡಿದಿದ್ದು ಹೋಗಲ್ಲ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪನೇ ಬಿಡ್ತಾ ಇರುತ್ತೆ."

"ನನ್ನ ಮೇಲೆ ಸಿಟ್ಟಾ?"

"ಬಕೆಟ್ಟಿಗಲ್ಲ." ಅವನು ದಾರ ಕಟ್ಟುವುದನ್ನು ನಿಲ್ಲಿಸಿದ. "ಆವತ್ತು ಸುಳ್ಳು ಹೇಳಿ ನಿಮ್ಮ ಮುಖ ನೋಡ್ದೆ. ಇಲ್ಲ ಅಂತೀರಿ ಅನ್ಕೊಂಡೆ. ಅಂದಿದ್ರೆ ಸಾಕಿತ್ತು. ತೀರ್ಥಹಳ್ಳಿ ಹಾಳಾಗಿ ಹೋಗ್ಲಿ ಅಂತಿದ್ದೆ."

"ಇವತ್ತು ಏನೋ ಕೇಳ್ತೀನಿ ಅಂದಿದ್ರಿ."

"ಅಂದಿದ್ದೆ."

"ಕೇಳಿ."

"ಬೇಡ ಬಿಡಿ ಗೌರಿಯವ್ರೇ."

"ಹಾಗಾದ್ರೆ ಉತ್ತರ ಕೇಳಿ." ಅವಳ ದನಿ ಬೀದಿಗೆ ಕೇಳಿಸುವಷ್ಟು ಜೋರಾಗಿತ್ತು, ಅವಳೇ ಬೆಚ್ಚಿದಳು. "ಹೂಂ. ನೀವು ಏನು ಕೇಳಿದ್ರೂ ಹೂಂ. ಮೊದಲ ಶನಿವಾರದಿಂದ ಹೂಂ."

ಅವನ ಕಣ್ಣು ತುಂಬಿತು. ನಗಲು ನೋಡಿದ, ಆಗಲಿಲ್ಲ.

"ಇಷ್ಟು ದೊಡ್ಡ ದನಿ ಇತ್ತಾ ನಿಮಗೆ?" ಎಂದ. "ಆವತ್ತು ಎಲ್ಲಿಟ್ಟಿದ್ರಿ?"

ಕ್ಲಿನಿಕ್ಕಿನಿಂದ ಕಲ್ಲುಗಳ ಜೊತೆ ತಂದಿದ್ದ ನೋಟುಬುಕ್ಕನ್ನು ಅವನು ಕಪಾಟಿನಿಂದ ತೆಗೆದು ಕೊಟ್ಟ. ಕೋಣಂದೂರಿನಲ್ಲಿ ಮೊಬೈಲ್ ಅಂಗಡಿ ಕೆಲಸ ಸಿಕ್ಕಿದೆ, ಸೋಮವಾರದಿಂದ ಹೋಗುತ್ತೇನೆ ಎಂದ. ಫೋನ್ ಮಾಡಿ ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಅವಳ ಚಪ್ಪಲಿಗೆ ಸಿಕ್ಕಿಕೊಂಡ ದಾರವನ್ನು ಬಗ್ಗಿ ಬಿಡಿಸಿದ, ತುಂಬ ನಿಧಾನವಾಗಿ. ಅಷ್ಟೊಂದು ಗಂಟು ಅಲ್ಲಿರಲಿಲ್ಲ.

ಶ್ರೀಗೌರಿ ಅವನು ಹೇಳಿಕೊಟ್ಟ ಚಿಕಿತ್ಸೆಯನ್ನೇ ಹಿಡಿದಳು. ಫೋನಿಲ್ಲ. ಅವನ ಬೀದಿಯಿಲ್ಲ. ಹೆಸರೂ ಎತ್ತುವುದಿಲ್ಲ. ಅಂಟಿಕೊಳ್ಳಲು ಏನೂ ಸಿಗದಿದ್ದರೆ ಹಸಿದು ಸಾಯಬೇಕು. ದಿನಕ್ಕೊಂದು ಸಾಲು ಬರೆದಳು, ಅದೇ ಪುಸ್ತಕದಲ್ಲಿ. ಅಪ್ಪನ ಔಷಧಿ ಹೊಡೆಯುವ ಕಾಲ ಮುಗಿಯಿತು. ಕ್ಲಿನಿಕ್ಕಿನಲ್ಲಿ ಟ್ಯಾಂಕಿದ್ದ ಜಾಗಕ್ಕೆ ಪ್ಲಾಸ್ಟಿಕ್ ಆನೆ ಬಂತು. ಯಂತ್ರದ ಸದ್ದಿಗೆ ಮಕ್ಕಳು ಮತ್ತೆ ಅಳತೊಡಗಿದರು. ಅವಳಿಗೆ ಅವರನ್ನು ಸುಮ್ಮನಿರಿಸಲು ಬರುತ್ತಿರಲಿಲ್ಲ, ಮನಸ್ಸೂ ಇರಲಿಲ್ಲ.

ಅಕ್ಟೋಬರದ ಒಂದು ಶುಕ್ರವಾರ ಎಣಿಕೆ ಮುಗಿಯಿತು. ಮಧ್ಯಾಹ್ನ ಕ್ಲಿನಿಕ್ಕು ಖಾಲಿಯಿದ್ದಾಗ ಶ್ರೀಗೌರಿ ಪುಸ್ತಕ ತೆರೆದಳು.

"ಎಪ್ಪತ್ತಾರನೇ ದಿನ. ಸತ್ತಿಲ್ಲ."

ಪೆನ್ನು ಮುಚ್ಚುವ ಮೊದಲು, ಕೈಗೆ ರೂಢಿಯಾಗಿಬಿಟ್ಟಿದ್ದರಿಂದ, ಕೆಳಗೆ ಎರಡು ಸಾಲು ಜಾಗ ಬಿಟ್ಟಳು.