ಕಾಗದದ ಫೋನು

ಪ್ರಶಸ್ತಿ ಬಂದದ್ದು ಯಾರಿಗೆ? ಒಂದು ಅಳುವ ಕರಡಿಗೆ! ಹೇಳಿಕೊಳ್ಳಲೂ ನಾಚಿಕೆಯಾಗಬೇಕು.

ದಿನಕ್ಕೆಷ್ಟು ಹೆಜ್ಜೆ ನಡೆದಿರಿ ಎಂದು ಹೇಳುವ ಆ್ಯಪ್‌ನ ಕರಡಿ ಅದು. ಸಾಕಪ್ಪಾ ಎಂದು ಬಿಡಲು ಹೊರಟರೆ ಮರಿಕರಡಿಯೊಂದು ಕಣ್ಣಲ್ಲಿ ನೀರು ತುಂಬಿಕೊಂಡು ‘ನನ್ನನ್ನು ಬಿಟ್ಟು ಹೋಗ್ತೀರಾ?’ ಎನ್ನುತ್ತಿತ್ತು. ‘ಇರುತ್ತೇನೆ’ ಎಂಬ ಬಟನ್ ಅಂಗೈಯಗಲ, ‘ಹೋಗುತ್ತೇನೆ’ ಎಂಬುದು ಸಾಸಿವೆ ಕಾಳಿನಷ್ಟು. ಆಮೇಲೆ ಕಂಡಕಂಡವರೆಲ್ಲ ಅದನ್ನೇ ಕಾಪಿ ಹೊಡೆದರು. ಒಂದು ಆ್ಯಪ್‌ನಲ್ಲಿ ಬೆಕ್ಕು ಅಳುತ್ತಿತ್ತು, ಇನ್ನೊಂದರಲ್ಲಿ ಟೊಮೆಟೊ.

ಆ್ಯಪ್‌ಗಳು ಜನರ ಕೈ ಸೇರುವ ಮೊದಲು ಅವುಗಳನ್ನು ಒತ್ತಿ, ಎಳೆದು, ಬೈದು ನೋಡುವುದು ಆ ಕರಡಿಯ ಕಂಪನಿಯಲ್ಲಿ ಒಬ್ಬ ಹುಡುಗಿಯ ಕೆಲಸ. ಆಫೀಸಿನಲ್ಲಿ ಎಲ್ಲರೂ ಅವಳನ್ನು ಸಿಡುಕಿ ಎನ್ನುತ್ತಿದ್ದರು. ಕರಡಿಯನ್ನು ಹೆತ್ತ ಡಿಸೈನರ್ ಎದುರಿನ ಮೇಜಿನಲ್ಲೇ ಕೂರುತ್ತಿದ್ದ. ಅವನು ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಇಂಥವನಿಗೆ ಅಂಥ ಗುಳಿ ಯಾಕೆ ಕೊಟ್ಟನೋ ದೇವರು ಎಂದು ಸಿಡುಕಿಗೆ ಹೊಟ್ಟೆಯುರಿಯುತ್ತಿತ್ತು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಿದ್ದಳು.

“ರೀ, ನಿಮ್ಮ ಕರಡಿಗೆ ಮಾನ ಮರ್ಯಾದೆ ಇದೆಯೇನ್ರೀ? ಮಂಡಿ ಆಪರೇಷನ್ ಆಗಿ ಮಲಗಿದ್ದಾಳೆ ನಮ್ಮಮ್ಮ. ಬಿಡಮ್ಮಾ ಅದನ್ನ ಅಂದ್ರೆ, ‘ಅಯ್ಯೋ ಪಾಪ, ಅಳ್ತಿದೆ ಕಣೇ’ ಅಂತಾಳೆ. ದಿನಾ ಅದರ ಕೈಲಿ ‘ಇವತ್ತೂ ನಡೀಲಿಲ್ವಾ?’ ಅಂತ ಅನ್ನಿಸ್ಕೊಳ್ತಾಳೆ!”

ಅವನ ಗುಳಿ ಮಾಯವಾಗಿತ್ತು. ಅವಳು ಅದೇ ಸಿಟ್ಟಿನಲ್ಲಿ ರಾಜೀನಾಮೆ ಬಿಸಾಕಿದ್ದಳು.

ಇವತ್ತು ಅವಳ ಕೊನೆಯ ದಿನ, ಕೊನೆಯ ಪರೀಕ್ಷೆ. ಹೊಸ ಆ್ಯಪನ್ನು ಮೊದಲು ಕಾಗದದಲ್ಲೇ ಮಾಡಿ ನೋಡುವುದು ಅಲ್ಲಿನ ರೂಢಿ. ಅವಳು ಹಾಳೆಯ ಮೇಲಿನ ಬಟನ್ ಒತ್ತಬೇಕು. ಡಿಸೈನರೇ ಫೋನಾಗಿ, ತುಟಿ ಪಿಟಕ್ಕೆನ್ನದೆ, ಮುಂದಿನ ಹಾಳೆ ಇಡಬೇಕು.

ಮೊದಲ ಹಾಳೆ: ‘ನಾಳೆಯಿಂದ ನೀವಿರೋಲ್ಲ. ಒಂದು ಮಾತು ಕೇಳ್ಲಾ?’

“ಅಕ್ಷರ ನೋಡು, ಕಾಗೆ ಕಾಲು ಗುಬ್ಬಿ ಕಾಲು,” ಎನ್ನುತ್ತ ‘ಕೇಳಿ’ ಒತ್ತಿದಳು.

ಎರಡನೆಯದು: ‘ನೀವಂದ್ರೆ ನನಗೆ ತುಂಬಾ ಇಷ್ಟ. ನನ್ನ ಜೊತೆ ಬಾಳ್ತೀರಾ?’ ಕೆಳಗೆ ‘ಹೂಂ’, ‘ಉಹೂಂ’.

ಅವಳು ಎರಡೆರಡು ಸಲ ಓದಿದಳು. ಆಮೇಲೆ ಬ್ಯಾಗಿನಿಂದ ಸ್ಕೇಲು ತೆಗೆದು ಎರಡೂ ಬಟನ್ ಅಳೆದಳು. ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಇವನನ್ನು ನಂಬುವುದುಂಟೇ? ಕರಡಿ ಹಿಂದೆಲ್ಲೋ ಕಾದು ಕೂತಿರುತ್ತದೆ. ಯಾವ ಆ್ಯಪ್‌ನಲ್ಲಾದರೂ ಹೊರಗೆ ಹೋಗುವ ದಾರಿಯನ್ನೇ ಅವಳು ಮೊದಲು ಪರೀಕ್ಷಿಸುತ್ತಿದ್ದದ್ದು. ‘ಉಹೂಂ’ ಒತ್ತಿದಳು.

ಅವನು ಮೂರನೆಯ ಹಾಳೆ ಇಟ್ಟ: ‘ಸರಿ. ಹೋದಲ್ಲಿ ಚೆನ್ನಾಗಿರಿ. ಕರಡಿಯನ್ನ ನಿನ್ನೆ ತೆಗೆದುಹಾಕಿದೆ. ಅಮ್ಮನಿಗೆ ಹೇಳಿ.’

ಅಷ್ಟೇ. ಅಳು ಇಲ್ಲ, ಗೋಗರೆತ ಇಲ್ಲ. ತಲೆಯೆತ್ತಿ ನೋಡಿದಳು. ಅವನ ಕಣ್ಣು ತುಂಬಿತ್ತು. ಅವಳಿಗೆ ಕಾಣಬಾರದೆಂದು ಗೋಡೆಯ ಕಡೆ ತಿರುಗಿ ಕೂತಿದ್ದ, ಪೆದ್ದ.

“ಮುಂದೆ?”

ಅವನು ತಲೆಯಾಡಿಸಿದ. ಮುಂದೇನೂ ಇರಲಿಲ್ಲ.

“ಥೂ, ಇದೆಂಥಾ ಡಿಸೈನ್ರೀ? ಒತ್ತಿದವರಿಗೆ ಮನಸ್ಸು ಬದಲಾದ್ರೆ ವಾಪಸ್ ಹೋಗೋದು ಹೇಗೆ?”

“ನಿಮಗೆ... ಬದಲಾಯ್ತಾ?”

“ಫೋನು ಮಾತಾಡಬಾರದು.”

ಅವನ ಜೇಬಿನಿಂದ ಪೆನ್ನು ಕಿತ್ತುಕೊಂಡು, ಹಾಳೆಯ ಮೂಲೆಯಲ್ಲಿ ಹಿಂದಕ್ಕೆ ತಿರುಗಿದ ಸೊಟ್ಟ ಬಾಣವೊಂದನ್ನು ಗೀಚಿ ಒತ್ತಿದಳು. ಅವನು ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದ.

“ಹಾಳೆ ಬದಲಾಯಿಸೋ, ದಡ್ಡ!”

ಅವನು ಎರಡನೆಯ ಹಾಳೆಯನ್ನು ತಲೆಕೆಳಗಾಗಿ ಇಟ್ಟ. ಅವಳೇ ಸರಿಮಾಡಿ ‘ಹೂಂ’ ಮೇಲೆ ಬೆರಳಿಟ್ಟಳು.

ಅವನು ಮೇಜೆಲ್ಲ ತಡಕಾಡಿದ. ‘ಹೂಂ’ ಒತ್ತಿದರೆ ಇಡಬೇಕಾದ ಹಾಳೆಯನ್ನು ಆ ಪ್ರಶಸ್ತಿವಿಜೇತ ಮಹಾಶಯ ಮಾಡಿಯೇ ಇರಲಿಲ್ಲ.

“ಪರೀಕ್ಷೇಲಿ ಫೇಲು,” ಎಂದಳು ಸಿಡುಕಿ. ಬೆರಳನ್ನು ಮಾತ್ರ ತೆಗೆಯಲಿಲ್ಲ.